ನಳಿಗೆಯ ಕೆಳಗಿನ ಕೊಳವೆ: ಹಳೆಯ ಲಿವರ್ ಆಕ್ಷನ್ ಕೋವಿಗಳನ್ನು ಅರ್ಥ ಮಾಡಿಕೊಳ್ಳುವುದು

ಹಳೆಯ ಅಮೆರಿಕನ್ ಬೇಟೆ ಕೋವಿಯ ಚಿತ್ರ ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ಟ್ರಿಗರ್ ಸುತ್ತಲಿನ ಕಬ್ಬಿಣದ ಬಳೆ ಹಿಂದಕ್ಕೆ ಚಾಚಿಕೊಂಡು, ಬೆರಳು ತೂರಿಸುವ ಹಿಡಿ ಆಗಿರುತ್ತದೆ. ಅದನ್ನು ಕೆಳಕ್ಕೆ ತಳ್ಳಿ ಮತ್ತೆ ಮೇಲಕ್ಕೆ ಎಳೆದರೆ ಮುಂದಿನ ಈಡು ತಯಾರು. ಇದೇ ಲಿವರ್ ಆಕ್ಷನ್ ರೈಫಲ್. ನೋಡುವವರ ಕಣ್ಣೆಲ್ಲ ಆ ಲಿವರ್ ಮೇಲೆಯೇ ಇರುತ್ತದೆ. ಆದರೆ ಈ ಕೋವಿ ಯಾಕೆ ಗೆದ್ದಿತು, ಯಾಕೆ ಸೋತಿತು, ಇವತ್ತಿಗೂ ಜನ ಯಾಕೆ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ ಅನ್ನುವುದು ಗೊತ್ತಾಗಬೇಕಾದರೆ ಇನ್ನೊಂದು ಭಾಗ ನೋಡಬೇಕು. ನಳಿಗೆಯ ಕೆಳಗೆ ಅದಕ್ಕೇ ಅಂಟಿದಂತೆ ಒಂದು ಸಣ್ಣ ಕೊಳವೆ ಇರುತ್ತದೆ. ತೋಟಾಗಳು ಒಂದರ ಹಿಂದೆ ಒಂದು ಸಾಲಾಗಿ ಮಲಗುವ ಜಾಗ ಅದು. ನನ್ನ ಪ್ರಕಾರ ಲಿವರ್ ಕೋವಿಯ ಮುಕ್ಕಾಲು ಕಥೆ ಆ ಕೊಳವೆಯದ್ದೇ.

ಮೊದಲು ಒಳಗೆ ಏನಾಗುತ್ತದೆ ನೋಡೋಣ. ಲಿವರ್ ಕೆಳಗೆ ಹೋದಾಗ ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಲೋಹದ ತುಂಡು, ಹಿಂದಕ್ಕೆ ಸರಿಯುತ್ತದೆ. ಸರಿಯುವಾಗ ಹಾರಿದ ತೋಟಾದ ಖಾಲಿ ಕೇಸನ್ನು ಕೊಕ್ಕೆಯಲ್ಲಿ ಹಿಡಿದು ಹೊರಗೆ ಎಸೆಯುತ್ತದೆ. ಅದೇ ಓಟದಲ್ಲಿ ಕುದುರೆಯನ್ನೂ, ಅಂದರೆ ಈಡು ಹಾರಿಸಲು ಬಡಿಯುವ ಸುತ್ತಿಗೆಯನ್ನೂ, ಹಿಂದಕ್ಕೆ ಒತ್ತಿ ಎತ್ತಿ ನಿಲ್ಲಿಸುತ್ತದೆ. ಅಷ್ಟರಲ್ಲಿ ಕೊಳವೆಯೊಳಗಿನ ಸ್ಪ್ರಿಂಗ್ ಒಂದು ತೋಟಾವನ್ನು ಹಿಂದಕ್ಕೆ ನೂಕಿರುತ್ತದೆ. ಲಿಫ್ಟರ್ ಅನ್ನುವ ಸಣ್ಣ ತಟ್ಟೆ ಅದನ್ನು ನಳಿಗೆಯ ಮಟ್ಟಕ್ಕೆ ಎತ್ತುತ್ತದೆ. ಲಿವರ್ ಮೇಲೆ ಬರುವಾಗ ಬೋಲ್ಟ್ ಮುಂದಕ್ಕೆ ಹೋಗಿ ಆ ತೋಟಾವನ್ನು ನಳಿಗೆಗೆ ಸೇರಿಸಿ, ಹಿಂದಿನಿಂದ ಬಿಗಿಯಾಗಿ ಮುಚ್ಚುತ್ತದೆ. ಇಷ್ಟೆಲ್ಲ ಆಗುವುದಕ್ಕೆ ಕೈ ಒಂದು ಸಲ ಕೆಳಗೆ, ಒಂದು ಸಲ ಮೇಲೆ ಹೋದರೆ ಸಾಕು. ಕೋವಿಯನ್ನು ಭುಜದಿಂದ ಇಳಿಸುವ ಅಗತ್ಯವೇ ಇಲ್ಲ.

ಅಂಗಿ ವ್ಯಾಪಾರಿ ಮತ್ತು ಹೆನ್ರಿ

ಈ ಯೋಚನೆ ಒಬ್ಬನ ತಲೆಯಲ್ಲಿ ಒಂದೇ ದಿನ ಹುಟ್ಟಿದ್ದಲ್ಲ. 1840ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ವಾಲ್ಟರ್ ಹಂಟ್ ಇದರ ಮೊದಲ ಒರಟು ರೂಪ ಮಾಡಿದ. ಸೀರೆಗೆ ಹಾಕುವ ಸೇಫ್ಟಿ ಪಿನ್ನಿಗೆ ಪೇಟೆಂಟ್ ತೆಗೆದುಕೊಂಡವನೂ ಇವನೇ. ಹಂಟ್ ಮಾಡಿದ ಗುಂಡಿನ ಹೊಟ್ಟೆಯಲ್ಲೇ ಮದ್ದು ತುಂಬಬೇಕಿತ್ತು. ಅಷ್ಟು ಸಣ್ಣ ಜಾಗದಲ್ಲಿ ಎಷ್ಟು ಮದ್ದು ಹಿಡಿದೀತು? ಹಾಗಾಗಿ ಹೊಡೆತದಲ್ಲಿ ಬಲ ಇರಲಿಲ್ಲ. ಮುಂದೆ ಹೊರೇಸ್ ಸ್ಮಿತ್ ಮತ್ತು ಡೇನಿಯಲ್ ವೆಸನ್ ಇದನ್ನು ತಿದ್ದಿದರು. ಅವರು ಕಟ್ಟಿದ ಕಂಪನಿ ಸೋತಾಗ ಅದನ್ನು ಕೈಗೆ ತೆಗೆದುಕೊಂಡವನು ಕನೆಕ್ಟಿಕಟ್‌ನ ನ್ಯೂ ಹೇವನ್ ಊರಿನ ಒಬ್ಬ ಅಂಗಿ ತಯಾರಕ. ಹೆಸರು ಆಲಿವರ್ ವಿಂಚೆಸ್ಟರ್.

ವಿಂಚೆಸ್ಟರ್‌ಗೆ ಕೋವಿ ಮಾಡಲು ಬರುತ್ತಿರಲಿಲ್ಲ. ಆದರೆ ಅವನ ಕೆಲಸಗಾರ ಬೆಂಜಮಿನ್ ಟೈಲರ್ ಹೆನ್ರಿಗೆ ಬರುತ್ತಿತ್ತು. ಹೆನ್ರಿ ಮದ್ದನ್ನು ಗುಂಡಿನಿಂದ ಹೊರಗೆ ತೆಗೆದು ಲೋಹದ ಕೇಸಿನಲ್ಲಿ ತುಂಬಿದ. ಆ ತೋಟಾಕ್ಕೆ ತಕ್ಕಂತೆ ಕೋವಿಯನ್ನು ಬದಲಿಸಿ 1860ರಲ್ಲಿ ಪೇಟೆಂಟ್ ಪಡೆದ. ಕೊಳವೆಯಲ್ಲಿ 16 ತೋಟಾ ಹಿಡಿಯುತ್ತಿತ್ತು. ಆ ಕಾಲದ ಸಿಪಾಯಿ ಪ್ರತಿ ಈಡಿಗೂ ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಜಡಿಯುತ್ತಿದ್ದ. ನಮ್ಮ ಮಲೆನಾಡಿನ ಕೇಪಿನ ಕೋವಿ ಗೊತ್ತಿದ್ದವರಿಗೆ ಆ ಕಷ್ಟ ವಿವರಿಸಬೇಕಾಗಿಲ್ಲ. ಅಂಥ ಕಾಲದಲ್ಲಿ ಒಂದೇ ಉಸಿರಿಗೆ 16 ಈಡು!

ಆದರೆ ಹೆನ್ರಿಯ ಕೊಳವೆಗೆ ಒಂದು ದೊಡ್ಡ ತೊಂದರೆ ಇತ್ತು. ತೋಟಾ ತುಂಬಲು ಮುಂದಿನ ತುದಿ ತಿರುಗಿಸಿ ಅಲ್ಲಿಂದಲೇ ಹಾಕಬೇಕು. ಕೊಳವೆಯ ಉದ್ದಕ್ಕೂ ಒಂದು ಸೀಳು ಬೇರೆ. ಮಣ್ಣು, ಕಸ ಅದರೊಳಗೆ ಸೇರುತ್ತಿತ್ತು. ಹಿಡಿಯಲು ಮುಂಭಾಗದಲ್ಲಿ ಮರವೂ ಇಲ್ಲ, ನಳಿಗೆ ಕಾದರೆ ಕೈ ಸುಡುತ್ತದೆ. ವಿಂಚೆಸ್ಟರ್ ಕಂಪನಿಯ 1866ರ ಮಾದರಿಯಲ್ಲಿ ನೆಲ್ಸನ್ ಕಿಂಗ್ ಇದಕ್ಕೆ ಪರಿಹಾರ ಕೊಟ್ಟ. ಕೋವಿಯ ಬಲ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸಣ್ಣ ಬಾಗಿಲು. ತೋಟಾವನ್ನು ಹೆಬ್ಬೆರಳಿನಿಂದ ಅದರೊಳಗೆ ಒತ್ತಿದರೆ ಕೊಳವೆಗೆ ಸೇರುತ್ತದೆ. ಕೊಳವೆ ಪೂರ್ತಿ ಮುಚ್ಚಿತು, ಮುಂದೆ ಮರದ ಹಿಡಿ ಬಂತು. ಒಂದು ಈಡು ಹೊಡೆದು ಒಂದು ತೋಟಾ ತುಂಬಿಕೊಳ್ಳುತ್ತಾ ಹೋಗಬಹುದು. ಲಿವರ್ ಕೋವಿ ಅಂದಾಗ ಇವತ್ತು ನಮ್ಮ ಮನಸ್ಸಿಗೆ ಬರುವ ರೂಪ ನಿಂತದ್ದು ಇಲ್ಲಿ.

1873ರಲ್ಲಿ ಹಿತ್ತಾಳೆ ಬಣ್ಣದ ದೇಹ ಹೋಗಿ ಕಬ್ಬಿಣದ ದೇಹ ಬಂತು. ಜೊತೆಗೆ .44-40 ತೋಟಾ. ಈ ಅಂಕಿಗಳನ್ನು ಓದುವುದು ಸುಲಭ. ಮೊದಲನೆಯದು ಗುಂಡಿನ ಅಗಲ, ಇಂಚಿನ ಲೆಕ್ಕದಲ್ಲಿ. ಎರಡನೆಯದು ಕರಿಮದ್ದಿನ ತೂಕ, ಗ್ರೇನ್ ಲೆಕ್ಕದಲ್ಲಿ. ಒಂದು ಗ್ರಾಮಿಗೆ ಸುಮಾರು 15 ಗ್ರೇನ್. ಈ ಮಾದರಿ ಏಳು ಲಕ್ಷಕ್ಕೂ ಜಾಸ್ತಿ ತಯಾರಾಯಿತು.

'ಪಶ್ಚಿಮವನ್ನು ಗೆದ್ದ ಕೋವಿ' ಎಂದು ಕಂಪನಿ ಮುಂದೆ ಇದನ್ನು ಜಾಹೀರಾತು ಮಾಡಿತು. ಆ ಮಾತನ್ನು ಹಾಗೇ ಒಪ್ಪಲು ನನಗೆ ಆಗುವುದಿಲ್ಲ. ಅಲ್ಲಿ ಗೆದ್ದದ್ದು ಖಾಲಿ ಬಿದ್ದ ನೆಲವನ್ನಲ್ಲ. ಅಲ್ಲಿನ ಮೂಲ ಜನರ ನೆಲ ಅದು. ಅದೂ ಅಲ್ಲದೆ ಈ ಕೋವಿ ಒಂದೇ ಕಡೆಯವರ ಕೈಯಲ್ಲಿ ಇರಲಿಲ್ಲ. 1876ರ ಜೂನ್‌ನಲ್ಲಿ ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ಕಾಳಗದಲ್ಲಿ ಅಮೆರಿಕನ್ ಸೇನಾಧಿಕಾರಿ ಕಸ್ಟರ್‌ನ ಸೈನಿಕರ ಹತ್ತಿರ ಒಂದೊಂದೇ ತೋಟಾ ಹಾಕುವ ಸ್ಪ್ರಿಂಗ್‌ಫೀಲ್ಡ್ ಕೋವಿಗಳಿದ್ದವು. ಎದುರಿಗಿದ್ದ ಲಕೋಟಾ ಮತ್ತು ಶೈಯೆನ್ ಯೋಧರಲ್ಲಿ ಅನೇಕರ ಕೈಯಲ್ಲಿ ಹೆನ್ರಿ, ವಿಂಚೆಸ್ಟರ್ ಇದ್ದವು. 1983ರಲ್ಲಿ ಆ ಬಯಲಿಗೆ ಬೆಂಕಿ ಬಿದ್ದು ಹುಲ್ಲು ಸುಟ್ಟುಹೋಯಿತು. ಆಮೇಲೆ ಪುರಾತತ್ವ ಶೋಧಕರು ಹುಡುಕಿದಾಗ ಆ ಕೋವಿಗಳ ಖಾಲಿ ಕೇಸುಗಳು ನೆಲದಲ್ಲೇ ಸಿಕ್ಕವು.

ಬ್ರೌನಿಂಗ್ ಹಾಕಿದ ಬೀಗ

ಇಲ್ಲಿಯವರೆಗಿನ ಕೋವಿಗಳೆಲ್ಲ ಒಂದು ದೌರ್ಬಲ್ಯ ಹೊತ್ತುಕೊಂಡಿದ್ದವು. ಬೋಲ್ಟನ್ನು ಹಿಂದಿನಿಂದ ಹಿಡಿದಿಡುವ ಬೀಗ ಎರಡು ತುಂಡಿನ ಕೀಲು. ಅದು ನಮ್ಮ ಮೊಣಕಾಲಿನ ಹಾಗೆ. ಕಾಲು ನೆಟ್ಟಗಿದ್ದಾಗ ಭಾರ ತಡೆಯುತ್ತದೆ, ಸ್ವಲ್ಪ ಬಾಗಿದರೂ ಕುಸಿಯುತ್ತದೆ. ಪಿಸ್ತೂಲಿನಷ್ಟು ಬಲದ ತೋಟಾಕ್ಕೆ ಅಷ್ಟು ಸಾಕಿತ್ತು. ದೊಡ್ಡ ಜಿಂಕೆ ಜಾತಿಯ ಎಲ್ಕ್‌, ಕರಡಿ ಹೊಡೆಯುವ ತೋಟಾಕ್ಕೆ ಸಾಲದು.

ಯೂಟಾ ಪ್ರಾಂತ್ಯದ ಆಗ್ಡೆನ್ ಊರಿನಲ್ಲಿ ಜಾನ್ ಮೋಸೆಸ್ ಬ್ರೌನಿಂಗ್ ಎಂಬ ಕೋವಿ ಕೆಲಸದವನಿದ್ದ. ಅಪ್ಪನೂ ಅದೇ ಕಸುಬಿನವನು. ಬ್ರೌನಿಂಗ್ ಮಾಡಿದ ಬದಲಾವಣೆ ಕೇಳಲು ಸರಳ. ಕೀಲನ್ನು ತೆಗೆದು, ಬೋಲ್ಟಿನ ಎರಡು ಪಕ್ಕಕ್ಕೆ ಕೆಳಗಿನಿಂದ ಮೇಲಕ್ಕೆ ಏರುವ ಗಟ್ಟಿ ಉಕ್ಕಿನ ಅಗುಳಿಗಳನ್ನು ಹಾಕಿದ. ಲಿವರ್ ಮುಚ್ಚಿದಾಗ ಅಗುಳಿ ಏರುತ್ತದೆ, ತೆರೆದಾಗ ಇಳಿಯುತ್ತದೆ. ಹೀಗೆ ಬಂದ ವಿಂಚೆಸ್ಟರ್ ಕಂಪನಿಯ 1886ರ ಮಾದರಿ ಸೈನ್ಯದ .45-70 ತೋಟಾವನ್ನೂ ಸುಲಭವಾಗಿ ತಡೆಯಿತು. ಅದರ ಲಿವರ್ ಓಡುವ ನಯ ಇವತ್ತಿಗೂ ಕೋವಿ ಬಲ್ಲವರ ಮಾತಿನಲ್ಲಿ ಬರುತ್ತದೆ. ಅದನ್ನೇ ಚಿಕ್ಕದು ಮಾಡಿದ್ದು 1892ರ ಮಾದರಿ.

ಆಮೇಲೆ 1894. ಲಿವರ್ ಕೋವಿಗಳಲ್ಲಿ ಒಂದೇ ಒಂದನ್ನು ಹೆಸರಿಸಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಹೊಗೆ ಇಲ್ಲದ ಹೊಸ ಮದ್ದು ಆಗ ತಾನೇ ಬಂದಿತ್ತು. 1895ರಲ್ಲಿ ಈ ಕೋವಿಗೆ .30-30 ತೋಟಾ ಬಂತು. ಹೊಸ ಮದ್ದಿನ 30 ಗ್ರೇನ್, ಆದರೆ ಹಳೆ ಕರಿಮದ್ದಿನ ಲೆಕ್ಕದಲ್ಲೇ ಹೆಸರು. ವಿಂಚೆಸ್ಟರ್ ಇದಕ್ಕೆ ತನ್ನದೇ ಹೆಸರಿಟ್ಟಿತ್ತು. ಎದುರಾಳಿ ಮಾರ್ಲಿನ್ ಕಂಪನಿಗೆ ತನ್ನ ನಳಿಗೆಯ ಮೇಲೆ ಇನ್ನೊಬ್ಬರ ಹೆಸರು ಕೊರೆಯುವುದು ಬೇಡವಾಗಿತ್ತು. ಹಾಗಾಗಿ ಬರೀ ಅಂಕಿ ಉಳಿಯಿತು. 170 ಗ್ರೇನ್ ಅಂದರೆ 11 ಗ್ರಾಮಿನ ಗುಂಡು ಸೆಕೆಂಡಿಗೆ ಸುಮಾರು 2200 ಅಡಿ ವೇಗದಲ್ಲಿ ಹೊರಡುತ್ತದೆ. ಇವತ್ತಿನ ಲೆಕ್ಕಕ್ಕೆ ಇದು ದೊಡ್ಡ ವೇಗವಲ್ಲ. ಆದರೆ ದಟ್ಟ ಕಾಡಿನಲ್ಲಿ ಜಿಂಕೆ ಕಾಣಿಸುವುದೇ 100 ಗಜದ ಒಳಗೆ. ಆ ದೂರಕ್ಕೆ ಇದು ಹೇಳಿ ಮಾಡಿಸಿದ್ದು. ಕೋವಿಯ ತೂಕ ಸುಮಾರು 3 ಕಿಲೋ, ನಳಿಗೆ 20 ಇಂಚು. ಪಕ್ಕದಲ್ಲಿ ಚಾಚಿಕೊಂಡ ಬೋಲ್ಟ್ ಹಿಡಿ ಇಲ್ಲ, ಕೆಳಗೆ ಉಬ್ಬಿದ ಪೆಟ್ಟಿಗೆ ಇಲ್ಲ. ನಡುವೆ ಹಿಡಿದು ನಡೆದರೆ ಕೈಗೆ ಸಮ ತೂಗುತ್ತದೆ. ತೋಟಾಗಳು ಕೊಳವೆಯಲ್ಲಿ ಮಲಗಿರುವುದರಿಂದಲೇ ಈ ಚಪ್ಪಟೆ ಮೈ ಸಾಧ್ಯವಾಯಿತು. ಕುದುರೆಯ ಜೀನಿಗೆ, ಆಮೇಲೆ ಜೀಪಿನ ಸೀಟಿನ ಹಿಂದಕ್ಕೆ ಸಲೀಸಾಗಿ ಸೇರಿತು. 70 ಲಕ್ಷಕ್ಕೂ ಹೆಚ್ಚು ತಯಾರಾದವು. ಹತ್ತು ಲಕ್ಷನೆಯ ಕೋವಿಯನ್ನು 1927ರಲ್ಲಿ ಅಧ್ಯಕ್ಷ ಕೂಲಿಜ್‌ಗೆ ಕೊಟ್ಟರು.

ಚೂಪು ಗುಂಡಿನ ಸಮಸ್ಯೆ

ಕೊಳವೆ ಕೊಟ್ಟ ವರವೇ ಶಾಪವೂ ಆಯಿತು. ಯೋಚಿಸಿ. ತೋಟಾಗಳು ಒಂದರ ಹಿಂದೆ ಒಂದು ಇವೆ. ಒಂದರ ಗುಂಡಿನ ಮೂತಿ ಮುಂದಿನ ತೋಟಾದ ಬೆನ್ನಿಗೆ ತಾಗಿರುತ್ತದೆ. ಆ ಬೆನ್ನಿನ ನಡುವೆಯೇ ಪ್ರೈಮರ್, ಅಂದರೆ ಕುಟ್ಟಿದರೆ ಸಿಡಿಯುವ ಕೇಪು ಇರುವುದು. ಗುಂಡು ಚೂಪಾಗಿದ್ದು, ಈಡಿನ ಒದೆತಕ್ಕೆ ಸಾಲು ಜಗ್ಗಿದರೆ? ಕೊಳವೆಯೊಳಗೇ ತೋಟಾ ಸಿಡಿಯಬಹುದು. ಅದಕ್ಕೇ ಈ ಕೋವಿಗಳಿಗೆ ಚಪ್ಪಟೆ ಮೂತಿಯ ಗುಂಡು. ಚಪ್ಪಟೆ ಮೂತಿಗೆ ಗಾಳಿಯ ತಡೆ ಜಾಸ್ತಿ. ಹೊರಡುವಾಗಿನ ವೇಗ ಬೇಗ ಇಳಿಯುತ್ತದೆ. ಹಾಗಾಗಿ 200 ಗಜ ದಾಟಿದರೆ ಗುಂಡು ತುಂಬಾ ಕೆಳಗೆ ಬೀಳುತ್ತದೆ. ಯಾರೋ ಎಂಜಿನಿಯರ್ ದಡ್ಡತನದಿಂದ ಹೀಗಾದದ್ದಲ್ಲ. ಕೊಳವೆ ಬೇಕು ಅಂದರೆ ಇದನ್ನೂ ಒಪ್ಪಬೇಕು, ಅಷ್ಟೇ.

ಮೊದಲ ಮಹಾಯುದ್ಧದಿಂದ ಮರಳಿದ ಅಮೆರಿಕನ್ ಸೈನಿಕರು ಚೂಪು ಗುಂಡಿನ ಬೋಲ್ಟ್ ಆಕ್ಷನ್ ರೈಫಲ್ಲಿಗೆ (ಲಿವರ್ ಇಲ್ಲದೆ ಬೋಲ್ಟಿನ ಹಿಡಿಯನ್ನೇ ಕೈಯಿಂದ ಎಳೆಯುವಂಥದ್ದು) ಕೈ ಪಳಗಿಸಿಕೊಂಡಿದ್ದರು. ಅದು ದೂರಕ್ಕೆ ಹೊಡೆಯುತ್ತದೆ, ಹೆಚ್ಚು ಒತ್ತಡ ತಡೆಯುತ್ತದೆ. ನೆಲದ ಮೇಲೆ ಮಲಗಿ ಹೊಡೆಯುವಾಗ ಲಿವರ್ ಮಣ್ಣಿಗೆ ತಾಗುವ ಕಾಟವೂ ಇಲ್ಲ. ಲಿವರ್ ಕೋವಿ ನಿಧಾನವಾಗಿ ಹತ್ತಿರದ ಕಾಡಿನ ಬೇಟೆಗೆ ಮಾತ್ರ ಉಳಿಯಿತು.

ಕೊಳವೆಯನ್ನೇ ಬಿಟ್ಟು ನೋಡಿದವರೂ ಇದ್ದರು. ನನಗೆ ಇವರ ಕಥೆ ಎಲ್ಲಕ್ಕಿಂತ ಇಷ್ಟ.

ಒಬ್ಬ ಬ್ರೌನಿಂಗೇ. 1895ರ ಮಾದರಿಯಲ್ಲಿ ಟ್ರಿಗರ್ ಮುಂದೆ ಪೆಟ್ಟಿಗೆ ಇಟ್ಟು ತೋಟಾಗಳನ್ನು ಒಂದರ ಮೇಲೊಂದು ಪೇರಿಸಿದ. ಚೂಪು ಗುಂಡಿನ ಭಯ ಹೋಯಿತು. ಮೊದಲ ಮಹಾಯುದ್ಧದಲ್ಲಿ ರಷ್ಯಾ ಇವನ್ನು ತನ್ನ ಸೈನ್ಯಕ್ಕೆ ಸುಮಾರು ಮೂರು ಲಕ್ಷ ತರಿಸಿಕೊಂಡಿತು. ಇದರ .405 ತೋಟಾದ ಗುಂಡು 300 ಗ್ರೇನ್, ಅಂದರೆ 19 ಗ್ರಾಮಿಗೂ ಹೆಚ್ಚು. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಪೂರ್ವ ಆಫ್ರಿಕಾಕ್ಕೆ ಹೋದಾಗ ಸಿಂಹಗಳಿಗೆ ಇದೇ ಅವನ ಮೆಚ್ಚಿನ ಕೋವಿ.

ಕನ್ನಡದಲ್ಲಿ ಕೆನೆತ್ ಆಂಡರ್ಸನ್ ಬೇಟೆಯ ಅನುಭವಗಳನ್ನು ಓದಿದವರಿಗೆ ಈಗ ಕಿವಿ ನಿಮಿರಿರಬೇಕು, ಅಲ್ವಾ? ಹೌದು, ಬೆಂಗಳೂರಿನ ಆ ಆಂಡರ್ಸನ್ ನರಭಕ್ಷಕಗಳ ಹಿಂದೆ ಹೋಗುವಾಗ ಹಿಡಿಯುತ್ತಿದ್ದ .405 ವಿಂಚೆಸ್ಟರ್ ಇದೇ 1895ರ ಮಾದರಿ. ನಮ್ಮ ಕಾಡಿನಲ್ಲಿ ಓಡಾಡಿದ ಶಿಕಾರಿಗಳ ಕೈಯಲ್ಲಿ ಇಂಗ್ಲೆಂಡಿನ ಜೋಡಿ ನಳಿಗೆಯ ಕೋವಿಗಳ ಹೆಸರೇ ಜಾಸ್ತಿ ಕೇಳಿಸುತ್ತದೆ. ಅವುಗಳಲ್ಲಿ ಎರಡೇ ಈಡು. ಗಾಯಗೊಂಡ ಹುಲಿ ಎದುರಿಗಿದ್ದಾಗ ಭುಜದಿಂದ ಇಳಿಸದೆ ಮೂರನೆಯ, ನಾಲ್ಕನೆಯ ಈಡು ಸಿಗುವುದು ಎಂಥ ಧೈರ್ಯ ಕೊಡುತ್ತದೆ ಅನ್ನುವುದನ್ನು ಊಹಿಸಬಹುದು.

ಇನ್ನೊಬ್ಬ ಆರ್ಥರ್ ಸ್ಯಾವೇಜ್. ಹುಟ್ಟಿದ್ದು ಜಮೈಕಾದಲ್ಲಿ, ಕಾರ್ಖಾನೆ ಕಟ್ಟಿದ್ದು ನ್ಯೂಯಾರ್ಕಿನ ಯುಟಿಕಾದಲ್ಲಿ. 1899ರ ಅವನ ಕೋವಿಗೆ ಹೊರಗೆ ಕುದುರೆಯೇ ಇಲ್ಲ. ತೋಟಾಗಳು ಒಳಗೆ ತಿರುಗುವ ಉರುಳೆಯ ಸುತ್ತ ಕೂರುತ್ತವೆ. ಎಷ್ಟು ಉಳಿದಿವೆ ಎಂದು ತೋರಿಸುವ ಪುಟ್ಟ ಅಂಕಿಯ ಕಿಂಡಿ ಪಕ್ಕದಲ್ಲಿದೆ. 1915ರಲ್ಲಿ ಇದಕ್ಕೆ ಬಂದ .250-3000 ತೋಟಾದ ಎರಡನೆಯ ಅಂಕಿ ಮದ್ದಿನದಲ್ಲ, ಸೆಕೆಂಡಿಗೆ 3000 ಅಡಿ ಅನ್ನುವ ವೇಗದ್ದು. ಕೊಳವೆ ಬಿಟ್ಟರೆ ಲಿವರ್ ಕೋವಿಯಿಂದ ಏನೇನು ಮಾಡಿಸಬಹುದು ಎಂದು ತೋರಿಸಿದವನು ಇವನು. ಆದರೂ ಅದನ್ನು ತಯಾರಿಸುವ ಖರ್ಚು ಜಾಸ್ತಿ. 1990ರ ದಶಕದ ಕೊನೆಗೆ ನಿಂತುಹೋಯಿತು.

ಮಾರ್ಲಿನ್ ಬೇರೆ ದಾರಿ ಹಿಡಿಯಿತು. ಕೊಳವೆ ಉಳಿಸಿಕೊಂಡು ಖಾಲಿ ಕೇಸ್ ಹೊರಬೀಳುವ ಜಾಗ ಬದಲಿಸಿತು. ವಿಂಚೆಸ್ಟರ್‌ನಲ್ಲಿ ಕೇಸ್ ಮೇಲಕ್ಕೆ ಚಿಮ್ಮುತ್ತದೆ. 1889ರಿಂದ ಮಾರ್ಲಿನ್‌ನಲ್ಲಿ ಪಕ್ಕಕ್ಕೆ. ಆಗ ಇದು ಸಣ್ಣ ವಿಷಯ. ಎರಡನೆಯ ಮಹಾಯುದ್ಧದ ನಂತರ ಎಲ್ಲರೂ ಕೋವಿಯ ಮೇಲೆ ದುರ್ಬೀನು ಕೂರಿಸತೊಡಗಿದಾಗ ಇದೇ ದೊಡ್ಡ ವಿಷಯವಾಯಿತು. 1948ರಲ್ಲಿ ಬಂದ ಮಾರ್ಲಿನ್ 336ರ ತಲೆ ಗಟ್ಟಿ, ಚಪ್ಪಟೆ. ದುರ್ಬೀನು ಸಲೀಸಾಗಿ ಕೂರುತ್ತದೆ. ವಿಂಚೆಸ್ಟರ್ ತನ್ನ ಕೇಸ್ ಓರೆಯಾಗಿ ಬೀಳುವಂತೆ ಮಾಡಿದ್ದು 1980ರ ದಶಕದಲ್ಲಿ.

ಕೊಳ್ಳುವವರು ಏನು ನೋಡುತ್ತಾರೆ

ಅಮೆರಿಕದಲ್ಲಿ ಈ ಕೋವಿಗಳ ಸುತ್ತ ಎರಡು ಮಾತು ಪದೇ ಪದೇ ಕೇಳಿಸುತ್ತವೆ. ಒಂದು, '64ಕ್ಕೆ ಮುಂಚಿನದ್ದಾ?' 1964ರಲ್ಲಿ ವಿಂಚೆಸ್ಟರ್ ಖರ್ಚು ಉಳಿಸಲು 94ರ, ಅಂದರೆ 1894ರ ಮಾದರಿಯ, ಒಳಭಾಗ ಬದಲಿಸಿತು. ಕಡೆದು ಮಾಡುತ್ತಿದ್ದ ಲಿಫ್ಟರ್ ಹೋಗಿ ತಗಡಿನಿಂದ ಒತ್ತಿ ತೆಗೆದದ್ದು ಬಂತು. ಗಟ್ಟಿ ಪಿನ್ನುಗಳ ಬದಲು ಟೊಳ್ಳು ಪಿನ್ನುಗಳು. ದೇಹದ ಲೋಹವೂ ಬೇರೆ, ಅದಕ್ಕೆ ಹಳೆಯ ನೀಲಿ ಬಣ್ಣ ಸರಿಯಾಗಿ ಹಿಡಿಯುತ್ತಿರಲಿಲ್ಲ. ಜನ ಕೈಯಲ್ಲಿ ಹಿಡಿದ ಕೂಡಲೇ ಗುರುತಿಸಿದರು. ನನ್ನನ್ನು ಕೇಳಿದರೆ, ಆಮೇಲಿನವೂ ಚೆನ್ನಾಗಿಯೇ ಹೊಡೆಯುತ್ತವೆ. ಬರೀ ಬೇಟೆಗೆ ಬೇಕಾದವರು ಆ ವರ್ಷಕ್ಕೆ ಸುಮ್ನೆ ಹೆಚ್ಚು ದುಡ್ಡು ಸುರಿಯಬೇಕಾಗಿಲ್ಲ. ಆದರೆ ಲಿವರ್ ತೆರೆದು ಒಳಗೆ ನೋಡಿದಾಗ ಒಬ್ಬ ಕೆಲಸಗಾರ ಕಡೆದ ಉಕ್ಕು ಕಾಣುವುದಕ್ಕೂ ಮಡಿಸಿದ ತಗಡು ಕಾಣುವುದಕ್ಕೂ ವ್ಯತ್ಯಾಸ ಇದೆ. ಆ ವ್ಯತ್ಯಾಸಕ್ಕೆ ದುಡ್ಡು ಕೊಡುವವರನ್ನು ನಾನು ತಪ್ಪು ಅನ್ನಲಾರೆ. ನ್ಯೂ ಹೇವನ್ ಕಾರ್ಖಾನೆ 2006ರಲ್ಲಿ ಮುಚ್ಚಿತು. ಈಗ ಆ ಹೆಸರಿನ ಲಿವರ್ ಕೋವಿಗಳು ಜಪಾನಿನ ಮಿರೋಕು ಕಾರ್ಖಾನೆಯಿಂದ ಬರುತ್ತವೆ.

ಇನ್ನೊಂದು, ಮಾರ್ಲಿನ್ ನಳಿಗೆಯ ಮೇಲಿನ 'ಜೆಎಂ' ಮುದ್ರೆ. ಸ್ಥಾಪಕ ಜಾನ್ ಮಾರ್ಲಿನ್ ಹೆಸರಿನ ಅಕ್ಷರಗಳು. ರೆಮಿಂಗ್ಟನ್ ಈ ಕಂಪನಿಯನ್ನು ಕೊಂಡು ಕಾರ್ಖಾನೆ ಬೇರೆಡೆಗೆ ಸಾಗಿಸುವ ಮುಂಚಿನವು ಎಂಬುದಕ್ಕೆ ಅದು ಗುರುತು. 2020ರಲ್ಲಿ ರೆಮಿಂಗ್ಟನ್ ದಿವಾಳಿಯಾದಾಗ ರೂಗರ್ ಕಂಪನಿ ಮಾರ್ಲಿನ್ ಹೆಸರನ್ನು ಕೊಂಡುಕೊಂಡಿತು. 2021ರ ಕೊನೆಯಿಂದ ನಾರ್ತ್ ಕ್ಯಾರೊಲೈನಾದಲ್ಲಿ ಮತ್ತೆ ತಯಾರಿಸುತ್ತಿದೆ.

ತುಂಬಾ ಹಳೆಯ ಕೋವಿಯಾದರೆ ಒಂದೇ ಮಾತು. ಪಾಲಿಶ್ ಮಾಡಿಸಬೇಡಿ. ಹೊಸಬರು ಮಾಡುವ ದೊಡ್ಡ ನಷ್ಟ ಇದು. ನೂರು ವರ್ಷದಲ್ಲಿ ಉಕ್ಕಿನ ನೀಲಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಉಜ್ಜಿ ಹೊಳಪು ಕೊಟ್ಟರೆ ಚೂಪಾಗಿದ್ದ ಅಂಚುಗಳು ದುಂಡಗಾಗುತ್ತವೆ, ಕೊರೆದ ಅಕ್ಷರ ಮಸುಕಾಗುತ್ತದೆ, ಸ್ಕ್ರೂ ತೂತುಗಳ ಸುತ್ತ ತಗ್ಗು ಬೀಳುತ್ತದೆ. ನೋಡಲು ಹೊಸದು, ಬೆಲೆಯಲ್ಲಿ ಅರ್ಧಕ್ಕೂ ಇಲ್ಲ. ಸ್ಕ್ರೂಗಳ ಸೀಳು ಕಿತ್ತುಹೋಗಿದ್ದರೆ ಯಾರೋ ಒರಟಾಗಿ ಬಿಚ್ಚಿದ್ದಾರೆ ಎಂದರ್ಥ.

ವ್ಯೋಮಿಂಗ್ ರಾಜ್ಯದ ಕೋಡಿ ಊರಿನ ಮ್ಯೂಸಿಯಂನಲ್ಲಿ ವಿಂಚೆಸ್ಟರ್ ಕಾರ್ಖಾನೆಯ ಹಳೆಯ ದಫ್ತರಗಳಿವೆ. ನಂಬರ್ ಕೊಟ್ಟು ಶುಲ್ಕ ಕಟ್ಟಿದರೆ ಆ ಕೋವಿ ಯಾವ ತೋಟಾದ್ದು, ನಳಿಗೆ ದುಂಡೋ ಎಂಟು ಮೂಲೆಯದ್ದೋ, ಯಾವ ದಿನ ಗೋದಾಮಿನಿಂದ ಹೊರಟಿತು ಎಂಬ ಪತ್ರ ಸಿಗುತ್ತದೆ. 1894ರ ಮಾದರಿಗೆ ಸುಮಾರು ಮೂರೂವರೆ ಲಕ್ಷದವರೆಗಿನ ನಂಬರುಗಳಿಗೆ ಮಾತ್ರ ಈ ದಾಖಲೆ ಉಂಟು. 2014ರಲ್ಲಿ ನೆವಾಡಾದ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದಲ್ಲಿ ಜೂನಿಪರ್ ಮರಕ್ಕೆ ಒರಗಿಸಿಟ್ಟ ಒಂದು 1873ರ ಮಾದರಿ ಸಿಕ್ಕಿತು. ಮರದ ಹಿಡಿ ಬಿರುಕು ಬಿಟ್ಟು ಬೂದು ಬಣ್ಣಕ್ಕೆ ತಿರುಗಿತ್ತು. ಅದು 1882ರದ್ದು ಎಂದು ತಿಳಿದದ್ದು ಈ ದಫ್ತರದಿಂದಲೇ. ಯಾರದ್ದು, ಯಾಕೆ ಬಿಟ್ಟುಹೋದರು ಎಂಬುದು ಅದರಲ್ಲಿ ಇಲ್ಲ. ಉದ್ಯಾನದವರು ಅದನ್ನು ಹೊಸದು ಮಾಡಲಿಲ್ಲ, ಇದ್ದ ಹಾಗೇ ಉಳಿಸಿದರು. ಸರಿಯಾದ ಕೆಲಸ.

ಇನ್ನು ನಮ್ಮವರ ವಿಷಯ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ (ಕೋವಿ ಹೂವು) ಮುಡಿಸಿ ಪೂಜೆ ಮಾಡುವವರಿಗೆ ಹಳೆಯ ಕೋವಿಯ ಮೇಲಿನ ಪ್ರೀತಿ ಹೇಳಿಕೊಡಬೇಕಾಗಿಲ್ಲ. ಉಳಿದವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್ ಬೇಕೇ ಬೇಕು. ಬೇಟೆಯಂತೂ 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಅಪರಾಧ.

ಅಮೆರಿಕದಲ್ಲಿರುವ ಕನ್ನಡಿಗರು ಒಂದು ನಿಯಮ ತಿಳಿದಿರಬೇಕು. ಗ್ರೀನ್ ಕಾರ್ಡ್ ಇದ್ದವರು ಅಂಗಡಿಯಿಂದ ಕೊಳ್ಳಬಹುದು. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಸಾಮಾನ್ಯವಾಗಿ ಕೋವಿಯನ್ನು ಇಟ್ಟುಕೊಳ್ಳುವಂತೆಯೇ ಇಲ್ಲ. ಅಲ್ಲಿನ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. 1898 ಅಥವಾ ಅದಕ್ಕೂ ಹಿಂದೆ ತಯಾರಾದವನ್ನು ಕೇಂದ್ರ ಕಾನೂನು ಪುರಾತನ ವಸ್ತು ಎಂದು ಬೇರೆ ಇಡುತ್ತದೆ. ಆದರೆ ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆ. ಕೊಳ್ಳುವ ಮುಂಚೆ ನಿಮ್ಮ ರಾಜ್ಯದ್ದನ್ನು ಓದಿಕೊಳ್ಳಿ.

ಒಂದೇ ಒಂದು ಕೊಳ್ಳುವುದಾದರೆ 1940–50ರ ದಶಕದ ವಿಂಚೆಸ್ಟರ್ 94 ನೋಡಿ, .30-30 ತೋಟಾದ್ದು. ತೋಟಾ ಇವತ್ತೂ ಸುಲಭವಾಗಿ ಸಿಗುತ್ತದೆ, ಉಕ್ಕು ಹೊಸ ಮದ್ದಿಗೆಂದೇ ಮಾಡಿದ್ದು. ಕಣ್ಣು ಮಂಜಾಗಿ ದುರ್ಬೀನು ಬೇಕಾದವರಿಗೆ ಜೆಎಂ ಮುದ್ರೆಯ 336. ಮೊದಲು ಕೋವಿ ಖಾಲಿ ಇದೆ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳಿ. ನಳಿಗೆಯ ಹಿಂದಿನಿಂದ ಬೆಳಕು ಬಿಟ್ಟು ಬಾಯಿಂದ ನೋಡಿ, ಒಳಗಿನ ಸುರುಳಿ ಗೆರೆಗಳು ಚೂಪಾಗಿರಬೇಕು, ತುಕ್ಕಿನ ಗುಳಿಗಳಿರಬಾರದು. ಕುದುರೆಯನ್ನು ಅರ್ಧ ಎತ್ತಿ ನಿಲ್ಲಿಸಿ ಟ್ರಿಗರ್ ಒತ್ತಿ. ಅದು ಬೀಳಬಾರದು. ಈ ಹಳೆಯ ಕೋವಿಗಳಲ್ಲಿ ಹೆಚ್ಚಿನವಕ್ಕೆ ಬೇರೆ ಸೇಫ್ಟಿ ಇಲ್ಲ, ಆ ಅರ್ಧ ಗಚ್ಚೇ ಸೇಫ್ಟಿ. ಬಿದ್ದರೆ ಎಷ್ಟೇ ಚೆಂದ ಇದ್ದರೂ ಕೋವಿ ರಿಪೇರಿಯವನಿಗೆ ತೋರಿಸದೆ ತೋಟಾ ಹಾಕಬೇಡಿ.